ನಲವತ್ತೊಂದನೆಯ ಪುಟದ ಕುರಿ

೨ ಡಿಸೆಂಬರ್ ೧೯೩೫, ಸೋಮವಾರ. ಶಿರಾ

ಯುವ ಸಂವತ್ಸರದ ಮಾರ್ಗಶಿರ ಶುದ್ಧ ಸಪ್ತಮಿ. ಈಶ್ವರಾನುಗ್ರಹದಿಂದ ಆರೋಗ್ಯ. ಬೆಳಗ್ಗೆ ಮಂಜು ಮುಸುಕಿತ್ತು. ಎಂಟು ಗಂಟೆಯವರೆಗೆ ಕೋಟೆಯ ಗೋಡೆ ಕಾಣಲಿಲ್ಲ. ಸ್ನಾನ, ಲಿಂಗಪೂಜೆ ಮುಗಿಸಿ ಕರಿಬಸಮ್ಮ ಮಾಡಿದ ಅವರೆಕಾಳಿನ ಉಪ್ಪಿಟ್ಟು ತಿಂದೆ. ಉಪ್ಪು ಒಂದು ಚಿಟಿಕೆ ಮುಂದಾಗಿತ್ತು. ಹೇಳಿದೆ. "ನಾಳೆಯಿಂದ ನೀವೇ ಹಾಕ್ಕೊಳ್ಳಿ" ಎಂದಳು. ಮದುವೆಯಾಗಿ ಇಪ್ಪತ್ತಾರು ವರ್ಷವಾದ ಮೇಲೆ ಇಂಥ ಮಾತಿಗೆ ಉತ್ತರ ಕೊಡುವುದನ್ನು ಗಂಡಸು ಬಿಡಬೇಕು. ಬಿಟ್ಟಿದ್ದೇನೆ.

ಒಂಬತ್ತಕ್ಕೆ ದನದ ಆಸ್ಪತ್ರೆಗೆ ಹೋದೆ. ಎರಡು ಎತ್ತಿನ ಹೆಗಲ ಹುಣ್ಣು, ಒಂದು ಎಮ್ಮೆಯ ಹೊಟ್ಟೆಯುಬ್ಬರ. ಎಮ್ಮೆಯವನು ಮದ್ದಿನ ಶೀಶೆಯನ್ನು ತಾನೇ ಮೂಸಿ ನೋಡಿ ಕೆಮ್ಮಿದ. ನಾನು ಇಲ್ಲಿ ಕಾಂಪೌಂಡರ್ ಆಗಿ ಇಪ್ಪತ್ತೆರಡು ವರ್ಷ. ಮೂಸದೆ ಶೀಶೆ ಒಯ್ದವನನ್ನು ಇದುವರೆಗೆ ನೋಡಿಲ್ಲ.

ಮಧ್ಯಾಹ್ನ ಡಾಕ್ಟರ್ ರುದ್ರಯ್ಯನವರು ಕರೆದು ಮೇಲಿನಿಂದ ಬಂದ ಕಾಗದ ತೋರಿಸಿದರು. ನಾನು ಎರಡು ವರ್ಷದ ಕೆಳಗೆ ಬರೆದ 'ಮೇಷ ಸಂರಕ್ಷಣ ದರ್ಪಣ' ಎರಡನೆಯ ಸಲ ಅಚ್ಚಾಗಬೇಕಂತೆ. ಕುರಿ ಸಾಕುವವರ ಉಪಯೋಗಕ್ಕಾಗಿ ಕುರಿಗಳ ಕಾಯಿಲೆಗಳನ್ನೆಲ್ಲ ವಿವರಿಸಿ ಎಂಬತ್ತೆಂಟು ಪುಟಗಳಲ್ಲಿ ರಚಿಸಿದ ಗ್ರಂಥ. ತಾಲ್ಲೂಕಿನ ಕುರಿಹಟ್ಟಿಗಳಿಗೆಲ್ಲ ಪುಕ್ಕಟೆ ಹಂಚಿದ್ದೆವು. ಶಿರಾ ಸೀಮೆಯಲ್ಲಿ ಶುದ್ಧವಾಗಿ ಕನ್ನಡ ಬರೆಯಬಲ್ಲವರು ಮೂವರಿದ್ದರು, ಅವರಲ್ಲಿ ಇಬ್ಬರು ಕಾಲವಾದರು ಎಂದು ಡಾಕ್ಟರೇ ಒಮ್ಮೆ ಹೇಳಿದ್ದುಂಟು. ಆದರೆ ಈ ಸಲ ಮೂವತ್ತೆರಡು ಪುಟ ಮೀರಕೂಡದಂತೆ. ಎಂಬತ್ತೆಂಟನ್ನು ಮೂವತ್ತೆರಡು ಮಾಡು ಎನ್ನುವವರು ಜನ್ಮದಲ್ಲಿ ಒಂದು ಪುಟ ಬರೆದವರಲ್ಲ. ಇರಲಿ, ಅಲ್ಲೊಂದು ಇಲ್ಲೊಂದು ಪದ ತೆಗೆದರೆ ಆದೀತು.

ಸಂಜೆ ಬಾಳೆಹಣ್ಣು ತಂದೆ. ಒಳ್ಳೆಯ ಹಣ್ಣು.

ಬರೆಯಲು ಮರೆತಿದ್ದೆ: ಹುಲಿಕುಂಟೆಯಿಂದ ಕೆಂಚಮ್ಮ ಎಂಬ ಕುರಿಯವಳು ಬಂದಿದ್ದಳು. ನಲವತ್ತು ಕುರಿ ಇದ್ದವಂತೆ, ಸೊರಗುತ್ತಿವೆಯಂತೆ, ಎರಡು ಸತ್ತವಂತೆ. ಬರುವ ಭಾನುವಾರ ಬಂದು ನೋಡುತ್ತೇನೆಂದು ಹೇಳಿ ಕಳಿಸಿದೆ.

೮ ಡಿಸೆಂಬರ್, ಭಾನುವಾರ

ಮಾರ್ಗಶಿರ ಶುದ್ಧ ತ್ರಯೋದಶಿ. ಚಳಿ ಸ್ವಲ್ಪ ಕಡಿಮೆ. ಈಶ್ವರಾನುಗ್ರಹ. ಸೈಕಲ್ಲಿನ ಹಿಂದಿನ ಚಕ್ರಕ್ಕೆ ಗಾಳಿ ಹಾಕಿಸಿಕೊಂಡು ನಸುಕಿನಲ್ಲೇ ಹೊರಟೆ. ದಾರಿಯಲ್ಲಿ ನವಣೆ ಕೊಯ್ಲಾದ ಹೊಲಗಳು ನೋಡಲು ಚೆನ್ನಾಗಿದ್ದವು. ಹುಲಿಕುಂಟೆಯಲ್ಲಿ ಸ್ಕೂಲು ಮೇಷ್ಟರು ರೇಣುಕಯ್ಯ ಕಾಫಿ ಕೊಟ್ಟರು. ಬೆಲ್ಲದ ಕಾಫಿ; ಆದರೂ ಬಿಸಿಯಾಗಿತ್ತು.

ಕೆಂಚಮ್ಮನ ಗುಡಿಸಲಿನಲ್ಲಿ ಒಂದು ಸಂತೋಷದ ಸಂಗತಿ. ನಮ್ಮ 'ದರ್ಪಣ'ವನ್ನು ಅವಳು ಬಟ್ಟೆಯಲ್ಲಿ ಸುತ್ತಿ ಗೂಟಕ್ಕೆ ತೂಗುಹಾಕಿದ್ದಾಳೆ. ತೆಗೆದು ನೋಡಿದೆ. ಹಿಂಬದಿಯ ರಟ್ಟಿನ ಮೇಲೆ ಇದ್ದಿಲಿನಿಂದ ಹನ್ನೊಂದು ಗೆರೆ ಎಳೆದಿದ್ದಳು. ಅಕ್ಷರ ಬಾರದವಳು, ಮೇಷ್ಟರ ಕೈಲಿ ಓದಿಸಿ, ಓದಿಸಿದ ಸಲಕ್ಕೊಂದು ಗೆರೆ ಎಳೆದಿರಬೇಕು. ಹನ್ನೊಂದು ಸಲ! ಕಣ್ಣು ತೇವವಾಯಿತು. ಬರೆಯುವವನಿಗೆ ಇದಕ್ಕಿಂತ ಏನು ಬೇಕು? ಕೇಳಿದರೆ ನಾಚಿಕೊಂಡಾಳೆಂದು ಕೇಳಲಿಲ್ಲ.

ಕುರಿಗಳನ್ನೂ ನೋಡಿದೆ. ರೊಪ್ಪದಿಂದ, ಅಂದರೆ ಅವುಗಳ ಮುಳ್ಳುಬೇಲಿಯ ದೊಡ್ಡಿಯಿಂದ, ಹೊರಗೆ ಬಿಡುವ ಮೊದಲೇ ಒಂದೊಂದನ್ನೂ ಹಿಡಿಸಿ ಬಾಯಿ, ಕಣ್ಣು, ಗೊರಸು ಪರೀಕ್ಷಿಸಿದೆ. ಬಡಕಲಾಗಿವೆ, ಅಷ್ಟೇ. ಕಾಯಿಲೆ ಏನೂ ಇಲ್ಲ, ಉಪ್ಪು ನೆಕ್ಕಿಸು ಎಂದು ಹೇಳಿ ಬಿಸಿಲೇರುವ ಮೊದಲೇ ಹಿಂತಿರುಗಿದೆ.

೧೧ ಡಿಸೆಂಬರ್, ಬುಧವಾರ

ಬಹುಳ ಪಾಡ್ಯ. ಚಳಿ. ಮೂರು ದಿನ ಕೂತು ಗ್ರಂಥವನ್ನು ತಿದ್ದಿದೆ. 'ಆದುದರಿಂದ' ಎಂಬುದನ್ನು ನಲವತ್ತು ಕಡೆ ಹೊಡೆದುಹಾಕಿದೆ. ಎಂಬತ್ತೈದು ಪುಟಕ್ಕೆ ಇಳಿಯಿತು.

ತೆಗೆದುಕೊಂಡು ನಿಯಾಜ್ ಅಹಮದನ ಅಚ್ಚುಕೂಟಕ್ಕೆ ಹೋದೆ. ಮೊದಲನೆಯ ಮುದ್ರಣವೂ ಅವನದೇ. ಕನ್ನಡದ ಮೊಳೆ ಜೋಡಿಸುವುದರಲ್ಲಿ ಅವನ ಕೈಗೆ ಸಮಾನವಿಲ್ಲ. ಬಾಯಿ ಮಾತ್ರ ಸ್ವಲ್ಪ ಹೆಚ್ಚು. ಹಾಳೆಗಳನ್ನು ತಿರುವಿ ನಕ್ಕ.

"ಕಾಂಪೌಂಡರ್ ಸಾಹೇಬ್ರೇ, ಹದಿನಾರು ಪುಟಕ್ಕೆ ಒಂದು ಹಾಳೆ. ನಮಗಿರೋದು ಎರಡೇ ಹಾಳೆ. ಪೆಟ್ಟಿಗೆ ಚಿಕ್ಕದು ಅಂತ ಗೊತ್ತಾದ ಮೇಲೂ ನೀವು ಬಟ್ಟೆ ಒಗೀತಾ ಕೂತಿದ್ದೀರಿ. ಯಾವ ಬಟ್ಟೆ ಬೇಕು ಅಂತ ಆರಿಸ್ಬೇಕು, ಬಾಕಿದು ಮನೇಲಿ ಬಿಡ್ಬೇಕು."

ನನ್ನ ಗ್ರಂಥದಲ್ಲಿ ಬೇಡದ್ದು ಏನಿದೆ ಎಂದು ಕೇಳಿದೆ. "ನಾನು ಮೊಳೆ ಜೋಡಿಸೋನು. ಏನಿದೆ ಅಂತ ನಾನು ಓದಲ್ಲ" ಎಂದ. ಇದೂ ಒಂದು ಉತ್ತರವೇ?

೧೩ ಡಿಸೆಂಬರ್, ಶುಕ್ರವಾರ

ಬಹುಳ ತೃತೀಯೆ. ಮೋಡ. ಹಲ್ಲುನೋವಿಗೆ ಲವಂಗ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಕೆಂಚಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಬಂದು ಕೂತಳು. ಹನ್ನೆರಡು ಮೈಲಿ ನಡೆದು ಬಂದಿದ್ದಾಳೆ.

"ಮೂರ್ನೇದೂ ವೋಯ್ತು ಕಣಪ್ಪ."

"ಏನೂ ಇರಲಿಲ್ಲವಲ್ಲಮ್ಮ. ನಾನೇ ಮುಟ್ಟಿ ನೋಡಿದ್ದೇನೆ."

"ನೀವು ಬಂದದ್ದು ವೊತ್ತಾರೆ. ಅದು ಕಾಣ್ಸೋದು ಬೈಗಿಗೆ. ಗದ್ದದ ಕೆಳ್ಗೆ ಚೀಲದಂಗೆ ಇಳೀತದೆ. ರಾತ್ರಿ ಮನಗಿ ಎದ್ರೆ ವೊಂಟೋಯ್ತದೆ."

"ಅವತ್ತೇ ಯಾಕೆ ಹೇಳಲಿಲ್ಲ?"

"ನೀವ್ ಕೇಳಿದ್ರಾ? ಬಂದೋರೇ ಬಾಯ್ ತೆಗ್ಸಿದ್ರಿ, ಕಣ್ಣ್ ನೋಡಿದ್ರಿ, ಉಪ್ಪು ಅಂದ್ರಿ, ಸೈಕಲ್ ಅತ್ತಿದ್ರಿ."

ಒಳಗಿದ್ದ ಡಾಕ್ಟರು ಇದನ್ನೆಲ್ಲ ಕೇಳಿಸಿಕೊಂಡರು. ನನಗೆ ಸರಿಬರಲಿಲ್ಲ. ಭಾನುವಾರ ಸಂಜೆ ಬರುತ್ತೇನೆಂದೆ. ಹಲ್ಲುನೋವು ಹಾಗೇ ಇದೆ.

೧೫ ಡಿಸೆಂಬರ್, ಭಾನುವಾರ. ಹುಲಿಕುಂಟೆ, ರೇಣುಕಯ್ಯನವರ ಜಗುಲಿಯಲ್ಲಿ

ತಿಥಿ ನೋಡಿಲ್ಲ. ಪಂಚಾಂಗ ಮನೆಯಲ್ಲಿದೆ.

ಹೊತ್ತು ಇಳಿಯುವಾಗ ಕುರಿಗಳು ಕೆರೆಯ ಅಂಗಳದಿಂದ ಬಂದವು. ನೀರು ಹಿಂದಕ್ಕೆ ಸರಿದ ಕಡೆ ಹಸಿರು ಚಿಗುರಿದೆ. ದಿನವಿಡೀ ಅಲ್ಲೇ ತಲೆ ತಗ್ಗಿಸಿ ಮೇಯುತ್ತವೆ. ಏಳು ಕುರಿಗಳ ಗದ್ದದಡಿ ಕೆಂಚಮ್ಮ ಹೇಳಿದಂತೆಯೇ ಚೀಲ ಇಳಿಬಿದ್ದಿತ್ತು. ಬೆರಳು ಒತ್ತಿದರೆ ಕಲಸಿದ ಹಿಟ್ಟಿನ ಹಾಗೆ ಗುಳಿ ಬಿತ್ತು. ಇದೇನೆಂದು ನನಗೆ ತಕ್ಷಣ ಗೊತ್ತಾಯಿತು. ನಾನೇ ಬರೆದಿದ್ದೇನೆ. "ತಡಿ, ಪುಸ್ತಕದಲ್ಲೇ ಇದೆ" ಎಂದು ಅವಳ ಪ್ರತಿಯನ್ನು ಇಸಿದುಕೊಂಡೆ.

ಸಿಕ್ಕಲಿಲ್ಲ. 'ಗಂಡಮಾಲಾದಿ ಶೋಥ ಪ್ರಕರಣ'ದಲ್ಲಿ ನೋಡಿದೆ, ಇಲ್ಲ. 'ಕಂಠರೋಗ ಪ್ರಕರಣ'ದಲ್ಲಿ ಇಲ್ಲ. ಕೆಂಚಮ್ಮ ಕುರಿಯನ್ನು ಎರಡು ಮೊಣಕಾಲಿನ ನಡುವೆ ಹಿಡಿದುಕೊಂಡು ನಿಂತಿದ್ದಳು. ಕುರಿ ನಿಲ್ಲಲಾರದೆ ಮಲಗಿತು. ಬೆಳಕು ಮಂದವಾಗಿದೆ ಎಂದು ನಾನು ಎರಡು ಸಲ ಹೇಳಿದೆ. ಬೆಳಕು ಇನ್ನೂ ಚೆನ್ನಾಗಿಯೇ ಇತ್ತು. ಕೊನೆಗೆ ಸಿಕ್ಕಿತು: ನಲವತ್ತೊಂದನೆಯ ಪುಟ, 'ಯಕೃದ್ವಿಕಾರ ಪ್ರಕರಣ', ಮೂರನೆಯ ಪ್ಯಾರಾ. ಜೌಗು ನೆಲದಲ್ಲಿ ಮೇಯುವ ಕುರಿಯ ಪಿತ್ತಕೋಶದಲ್ಲಿ ಎಲೆಯಾಕಾರದ ಹುಳು ಸೇರುತ್ತದೆ, ಗದ್ದ ಊದುತ್ತದೆ, ಒಣ ನೆಲಕ್ಕೆ ಹೊಡೆದು ಆಸ್ಪತ್ರೆಯಿಂದ ಔಷಧ ತರಿಸಬೇಕು. ಅದರಲ್ಲೇ, ನನ್ನದೇ ಮಾತು: 'ಈ ಬಾವು ಸಾಯಂಕಾಲದಲ್ಲಿ ವಿಶೇಷವಾಗಿ ಗೋಚರಿಸುವುದು.' ಇಂಗ್ಲಿಷ್ ಪುಸ್ತಕದಿಂದ ನಾನೇ ತರ್ಜುಮೆ ಮಾಡಿ, ನಾನೇ ಮರೆತಿದ್ದೆ.

ಗಟ್ಟಿಯಾಗಿ ಓದಿದೆ. ಕೆಂಚಮ್ಮ ಕೇಳಿದಳು: "ಇದು ಈ ಪುಸ್ತಕದಾಗೇ ಇತ್ತಾ?"

"ಇತ್ತು."

"ವೋದ್ ವರ್ಸಾನೂ ಇತ್ತಾ?"

"ಇತ್ತು. ಹನ್ನೊಂದು ಸಲ ಓದಿಸಿದ್ದೀಯಲ್ಲ, ಕೇಳಿಸಿಕೊಳ್ಳಲಿಲ್ಲವೇ?"

ಅವಳಿಗೆ ನನ್ನ ಮಾತು ಅರ್ಥವಾಗಲಿಲ್ಲ. ರೇಣುಕಯ್ಯನವರು ತಲೆ ತಗ್ಗಿಸಿಕೊಂಡು ಹೇಳಿದರು: "ಕುರಿಯವರನ್ನೆಲ್ಲ ಕೂರಿಸಿ ಮೂರು ಸಂಜೆ ಓದಿದೆ ಸ್ವಾಮಿ. ಒಂಬತ್ತನೇ ಪುಟದವರೆಗೂ ಟಗರು ಅಗ್ನಿದೇವನಿಗೆ ವಾಹನವಾದ ಕಥೆಯೇ ಇತ್ತು. ನಾಲ್ಕನೇ ಸಂಜೆ ಯಾರೂ ಬರಲಿಲ್ಲ."

ಕೆಂಚಮ್ಮ ಪುಸ್ತಕ ಇಸಿದುಕೊಂಡು ಹಿಂಬದಿ ತಿರುಗಿಸಿ ಗೆರೆಗಳನ್ನು ತೋರಿಸಿದಳು. "ಇವು ಓದ್ಸಿದ್ದಲ್ಲ ಕಣಪ್ಪ. ವೋದ್ ಸಂಕ್ರಾಂತಿಯಿಂದ ಸಿವರಾತ್ರಿಗಂಟ ಸತ್ತ ಕುರಿಗಳು. ಒಂದಕ್ಕೊಂದು ಗೆರೆ. ಎಲ್ಲವ್ಕೂ ಗದ್ದ ಇಂಗೇ ಇಳಿದಿತ್ತು."

ಓದದೆ ಬಿಟ್ಟರೆ ಅದಕ್ಕೆ ನಾನು ಹೊಣೆಯೇ ಎಂದು ನನಗೆ ಸಿಟ್ಟು ಬಂತು. ಆಡಿಯೂಬಿಟ್ಟೆ. ಈಗ ಜಗುಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ನಾಚಿಕೆಯಾಗುತ್ತಿದೆ. ಕಾಯಿಲೆಗೆ ಪರಿಹಾರ ಆ ಗುಡಿಸಲಿನ ಗೂಟದಲ್ಲೇ ತೂಗುತ್ತಿತ್ತು, ಅದರ ಬೆನ್ನ ಮೇಲೆ ಅವಳು ಸತ್ತವುಗಳ ಗೆರೆ ಎಳೆಯುತ್ತಿದ್ದಳು.

೧೮ ಡಿಸೆಂಬರ್, ಬುಧವಾರ

ಡಾಕ್ಟರು ಔಷಧ ಕೊಟ್ಟರು. ನಾನೇ ಹೋಗಿ ಮೂವತ್ತೇಳು ಕುರಿಗೂ ಕುಡಿಸಿ ಬಂದೆ. ಕುರಿಗಳನ್ನು ಕೆರೆ ಬಿಟ್ಟು ದಿಣ್ಣೆಯ ಕಡೆ ಹೊಡೆಯುತ್ತಾಳೆ. ಮೂರು ತೀರ ನಿತ್ರಾಣವಾಗಿವೆ, ಹೇಳಲಾಗದು. ಊರಿನಲ್ಲಿ ಇನ್ನೂ ಎಂಟು ಹಿಂಡು ಆ ಕೆರೆಯಂಗಳದಲ್ಲೇ ಮೇಯುತ್ತಿವೆ. ಅವರಿಗೆ ಹೇಳಿದೆ. "ಚೆನ್ನಾಗೇ ಅವೆ ಬುಡಿ ಬುದ್ಧಿ" ಎಂದರು. ಹುಲಿಕುಂಟೆ ಒಂದೇ ಅಲ್ಲ. ತಾವರೆಕೆರೆಯ ಕಡೆ, ಪಾವಗಡದ ಕಡೆ, ಎಷ್ಟು ಕೆರೆ, ಎಷ್ಟು ಹಿಂಡು. ಒಂದು ಸೈಕಲ್ಲಿನಲ್ಲಿ ನಾನು ಎಲ್ಲಿಗೆಂದು ಹೋಗಲಿ? ಪುಸ್ತಕವೇ ಹೋಗಬೇಕು.

೨೨ ಡಿಸೆಂಬರ್, ಭಾನುವಾರ

ಉಪಾಯ ಹೊಳೆಯಿತು. ಪ್ರಕರಣಗಳನ್ನೆಲ್ಲ ಒಡೆದು ಕಾಯಿಲೆಗಳನ್ನು ಅಕಾರಾದಿಯಾಗಿ ಜೋಡಿಸಿದೆ. ಅತಿಸಾರ ಮೊದಲು, ಹುಳುಕಡ್ಡಿ ಕೊನೆಗೆ. ಯಾರು ಬೇಕಾದರೂ ಒಂದು ನಿಮಿಷದಲ್ಲಿ ಹುಡುಕಬಹುದು. ಎರಡು ದಿನದ ಕೆಲಸ. ಇಷ್ಟು ಸುಲಭದ್ದು ಮೊದಲೇ ಯಾಕೆ ಹೊಳೆಯಲಿಲ್ಲವೋ.

೨೪ ಡಿಸೆಂಬರ್, ಮಂಗಳವಾರ

ಸಂತೆಗೆ ಬಂದ ಕೆಂಚಮ್ಮ ಮನೆಗೂ ಬಂದಳು. ನಿತ್ರಾಣವಾಗಿದ್ದ ಮೂರರಲ್ಲಿ ಒಂದು ಸತ್ತಿದೆ. ಉಳಿದೆರಡು ಸೊಪ್ಪು ಕಡಿಯುತ್ತಿವೆ. ಕರಿಬಸಮ್ಮ ಅವಳಿಗೆ ಮುದ್ದೆ ಬಡಿಸಿದಳು. ಊಟವಾದ ಮೇಲೆ ನನ್ನ ಹೊಸ ಜೋಡಣೆಯನ್ನು ಹೆಮ್ಮೆಯಿಂದ ವಿವರಿಸಿದೆ. ಕಾಯಿಲೆಯ ಹೆಸರಿನ ಮೊದಲ ಅಕ್ಷರ ನೋಡು, ಪುಟ ತೆಗೆ, ಮುಗಿಯಿತು.

"ಎಸ್ರು ಗೊತ್ತಿದ್ರೆ ನಿಮ್ತಾವ ಯಾಕ್ ಬತ್ತಿದ್ದೆ?" ಎಂದಳು.

ಕರಿಬಸಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ಒಳಗೆ ಹೋದಳು. ನಗುವುದು ಕೇಳಿಸಿತು.

ಸರಿ, ಹಾಗಾದರೆ ಅಂಗಾಂಗಗಳ ಕ್ರಮ ಇಡುತ್ತೇನೆ: ತಲೆಗೆ ಬರುವವು ಮೊದಲು, ಆಮೇಲೆ ಕುತ್ತಿಗೆ, ಹೊಟ್ಟೆ, ಕಾಲು, ಬಾಲ ಎಂದೆ. ಅವಳು ಯೋಚಿಸಿದಳು. "ಅಂಗೆ ತಲೆಯಿಂದ ಬಾಲಗಂಟ ನೋಡೋದು ಕಸಾಯಿಯೋರು ಕಣಪ್ಪ, ನೇತಾಕಿದ್ ಮ್ಯಾಲೆ. ನಮ್ ಕುರಿ ಓಡಾಡ್ತಿರ್ತಾವೆ."

"ಮತ್ತೆ ನೀನು ಹೇಗೆ ನೋಡುತ್ತೀಯೆ?"

"ಅದ ಬಾಯಲ್ಲಿ ಯೇಳಾಕಾದೀತಾ? ಒಂದಿನ ನಂಜೊತೆ ಬನ್ನಿ. ಸೈಕಲ್ ಬುಟ್ ಬನ್ನಿ."

೫ ಜನವರಿ ೧೯೩೬, ಭಾನುವಾರ. ಹುಲಿಕುಂಟೆ

ಕುರಿಯವರು ಕುರಿಯನ್ನು ನೋಡುವುದು ದಿನಕ್ಕೆ ನಾಲ್ಕು ಸಲ. ಇವತ್ತು ಕೆಂಚಮ್ಮನ ಹಿಂದೆ ಬೆಳಗಿನಿಂದ ಸಂಜೆಯವರೆಗೆ ನಡೆದು ಇದನ್ನು ಕಲಿತೆ.

ರೊಪ್ಪ ತೆಗೆಯುವಾಗ ಮೊದಲು ನೋಡುವುದು ಕುರಿಯನ್ನಲ್ಲ, ನೆಲವನ್ನು. ಹಿಕ್ಕೆ ಉಂಡೆಯಾಗಿದೆಯೇ, ನೀರಾಗಿದೆಯೇ, ಯಾವ ಮೂಲೆಯಲ್ಲಿ ಬಿದ್ದಿದೆ, ಆ ಮೂಲೆಯಲ್ಲಿ ಮಲಗುವ ಕುರಿ ಯಾವುದು. ದಾರಿಯಲ್ಲಿ ನೋಡುವುದು ಹಿಂದೆ ಬೀಳುವುದನ್ನು, ಕುಂಟುವುದನ್ನು. ನೀರಿನ ಹತ್ತಿರ ನೋಡುವುದು ಬಾಯಿಯನ್ನು: ಕುಡಿಯದೆ ನಿಂತದ್ದು, ಜೊಲ್ಲು ಸುರಿಸುವುದು. ಸಂಜೆ ರೊಪ್ಪದ ಬಾಗಿಲಲ್ಲಿ ಅವಳು ಅಡ್ಡ ನಿಂತು ಒಂದೊಂದನ್ನೇ ಕೈಯಡಿ ತೂರಿಸಿ ಒಳಗೆ ಬಿಡುತ್ತಾಳೆ. ಎಣಿಸುವುದಕ್ಕೆ ಎಂದುಕೊಂಡಿದ್ದೆ. ಎಣಿಕೆಯೂ ಹೌದು, ಗದ್ದ ತಡವುವುದೂ ಹೌದು, ಕಿವಿಯ ಬಿಸಿ ನೋಡುವುದೂ ಹೌದು. ಒಂದು ಕುರಿಗೆ ಮೂರು ಉಸಿರಿನ ಹೊತ್ತು ಸಾಕು ಅವಳಿಗೆ.

ನನ್ನ ಗ್ರಂಥದ ಇಪ್ಪತ್ತಾರು ಕಾಯಿಲೆಗಳೂ ಈ ನಾಲ್ಕು ಹೊತ್ತಿನಲ್ಲಿ ಒಂದಲ್ಲ ಒಂದರಲ್ಲಿ ಕಾಣಿಸಿಕೊಳ್ಳುತ್ತವೆ. ಬೇರೆ ಪ್ರಕರಣವೇ ಬೇಡ.

ಕಾಲಿಗೆ ಬೊಬ್ಬೆ ಬಂದಿದೆ. ಬಿಸಿಲು ಚುರುಕಾಗಿತ್ತು.

೮ ಜನವರಿ, ಬುಧವಾರ. ಶಿರಾ

ಪುಸ್ತಕವನ್ನು ಕತ್ತರಿಸಿದೆ. ಹಳೆಯ ಅಚ್ಚಿನ ಎರಡು ಪ್ರತಿ, ಹಾಳೆಯ ಒಂದೊಂದು ಬದಿಗೆ ಒಂದೊಂದು, ತೆಗೆದುಕೊಂಡು ಕತ್ತರಿಯಿಂದ ಪ್ಯಾರಾ ಪ್ಯಾರಾ ಬಿಡಿಸಿ, ಅಂಗಳದಲ್ಲಿ ನಾಲ್ಕು ಸಾಲು ಮಾಡಿ ಹರಡಿದೆ. ಒಂದೊಂದರ ಮೇಲೆ ಅವರೆಕಾಯಿ ಇಟ್ಟೆ, ಗಾಳಿಗೆ ಹಾರದಂತೆ. ಆಸ್ಪತ್ರೆಯಲ್ಲಿ ಗುಂಡುಸೂಜಿಗೆ ಬದಲು ಜಾಲಿಮುಳ್ಳು ಚುಚ್ಚುವುದು ನಮ್ಮ ರೂಢಿ. ಸಾಲು ಕುದುರಿದ ಹಾಗೆ ಮುಳ್ಳು ಚುಚ್ಚುತ್ತ ಹೋದೆ. ಸರಿಬಾರದಿದ್ದರೆ ಕಿತ್ತು ಬೇರೆಡೆ ಚುಚ್ಚಬಹುದು. ಬರೆಯುವಾಗ ಇಷ್ಟು ಸಲೀಸು ಇರಲಿಲ್ಲ.

ಯಾವ ಸಾಲಿಗೂ ಸೇರದ ತುಂಡುಗಳು ಐದನೆಯ ರಾಶಿಯಾದವು. ಅಗ್ನಿದೇವನ ಟಗರು, ಅಲ್ಲಿ. ಕುರಿಗಳ ಇಪ್ಪತ್ತೊಂದು ಸಂಸ್ಕೃತ ನಾಮಗಳು, ಅಲ್ಲಿ. ಗ್ರಂಥಕರ್ತನ ವಂಶಾವಳಿ ನಾಲ್ಕು ಪುಟ. ಕರಿಬಸಮ್ಮ ಅವರೆಕಾಯಿ ಹುಡುಕಿಕೊಂಡು ಬಂದು ವಂಶಾವಳಿಯ ಮೇಲೆ ಕೂತು ಸುಲಿಯತೊಡಗಿದಳು. ಏಳು ಎಂದೆ. "ಇದು ಬೇಡದ್ದರ ರಾಶಿ ತಾನೇ?" ಎಂದಳು. ಹೌದು ಎಂದೆ.

೧೦ ಜನವರಿ, ಶುಕ್ರವಾರ

ಸಂಜೆಯೇ ಮೊದಲು. ನಾನು ಬೆಳಗಿನಿಂದ ಆರಂಭಿಸಿದ್ದೆ, ದಿನ ಆರಂಭವಾಗುವುದೇ ಹಾಗಲ್ಲವೇ ಎಂದು. ಔಷಧಕ್ಕೆ ಬಂದ ಕೆಂಚಮ್ಮನಿಗೆ ಓದಿ ಹೇಳಿದೆ. "ವೊತ್ತಾರೆ ಯಾರಪ್ಪ ಓದಿ ಯೇಳ್ತಾರೆ? ಮೇಷ್ಟ್ರು ಸಿಕ್ಕೋದು ಬೈಗಿಗೆ. ಕುರಿ ಕೂಡಾಕಿ ಬಂದು ಕೂತಾಗ, ಆಗ್ತಾನೆ ಮುಟ್ಟಿ ಬಂದದ್ದ ಓದಿದ್ರೆ ಕೈಗೆ ನೆಪ್ಪಿರ್ತದೆ" ಎಂದಳು.

ಮುಳ್ಳು ಕಿತ್ತು ಕೊನೆಯ ಸಾಲನ್ನು ಮೊದಲಿಗೆ ತಂದೆ. ನಲವತ್ತೊಂದನೆಯ ಪುಟ ಒಂದನೆಯ ಪುಟವಾಯಿತು. ಈಗ ಪುಸ್ತಕ ಹೀಗೆ ಆರಂಭವಾಗುತ್ತದೆ: 'ಸಂಜೆ ರೊಪ್ಪಕ್ಕೆ ಬಿಡುವಾಗ ಕುರಿಯ ಗದ್ದ ತಡವಿ ನೋಡಿ. ಚೀಲದಂತೆ ಇಳಿದಿದ್ದರೆ ನಾಳೆಯಿಂದ ಕೆರೆಯಂಗಳಕ್ಕೆ ಹೊಡೆಯಬೇಡಿ.'

ಇಪ್ಪತ್ತೊಂಬತ್ತು ಪುಟವಾಗುತ್ತದೆ. ಮೂರು ಪುಟ ಉಳಿಯಿತು.

೧೨ ಜನವರಿ, ಭಾನುವಾರ

ಅಪ್ಪನ ಶಿವಸ್ತುತಿ ಉಳಿದಿದೆ. ಹನ್ನೆರಡು ಪದ್ಯ. ಮೊದಲನೆಯ ಮುದ್ರಣದಲ್ಲಿ ಅದನ್ನು ಆರಂಭದಲ್ಲಿ ಹಾಕಿದ್ದೆ. ಅಪ್ಪ ನಂದೀಶ್ವರಯ್ಯನವರು ಬರೆದ ಸಾಲು ಅಚ್ಚಾದದ್ದು ಅದೊಂದು ಕಡೆ ಮಾತ್ರ. ಉಳಿದ ಓಲೆಗಳನ್ನು ಗೆದ್ದಲು ತಿಂದಿತು. ಮೂರು ಪುಟ ಖಾಲಿ ಇದೆಯಲ್ಲ, ಅಲ್ಲಿಗೆ ಸರಿಹೋಗುತ್ತದೆ ಎಂದುಕೊಂಡೆ. ಆದರೆ ಮೂರು ಪುಟದಲ್ಲಿ ಮರಿ ಹಾಕುವ ಕುರಿಯ ವಿಷಯ ಬರೆಯಬಹುದು. ಅದು ಹಳೆಯದರಲ್ಲಿ ಇರಲೇ ಇಲ್ಲ. ನಿಯಾಜನನ್ನು ಕೇಳಿದೆ. "ಹಿಂದಿನ ರಟ್ಟು ಖಾಲಿ ಇದೆಯಲ್ಲ ಸಾಹೇಬ್ರೇ, ವಾಲಿದ್ ಸಾಹೇಬ್ರ ಪದ್ಯ ಅಲ್ಲಿ ಸಣ್ಣ ಮೊಳೇಲಿ ಕೂರಿಸ್ತೀನಿ. ಅದಕ್ಕೆ ಪುಟದ ಲೆಕ್ಕ ಇಲ್ಲ" ಎಂದ. ಒಳ್ಳೆಯ ಮನುಷ್ಯ. ಮನಸ್ಸು ಹಗುರಾಯಿತು.

೧೯ ಜನವರಿ, ಭಾನುವಾರ. ಹುಲಿಕುಂಟೆ

ಎಂಟರಲ್ಲಿ ಆರು ಹಿಂಡು ಕೆರೆಯಂಗಳ ಬಿಟ್ಟವು.

ನಿನ್ನೆ ಸಂಜೆ ಕರಡಚ್ಚಿನ ಮೊದಲ ಎಂಟು ಪುಟ ತಂದು ರೇಣುಕಯ್ಯನವರ ಕೈಗೆ ಕೊಟ್ಟೆ. ಅವರು ಕಟ್ಟೆಯ ಮೇಲೆ ಕೂತು ಓದಿದರು. ನಾನು ಹಿಂದೆ ಕೂತಿದ್ದೆ. ಮೊದಲ ವಾಕ್ಯ ಮುಗಿಯುತ್ತಲೇ ಒಬ್ಬ ಎದ್ದು ಹೋದ. ಅಯ್ಯೋ, ಮತ್ತೆ ಎದ್ದರಲ್ಲ ಎಂದುಕೊಂಡೆ. ಇನ್ನೊಬ್ಬ ಹೋದ, ಮತ್ತೊಬ್ಬ ಹೋದ. ರೇಣುಕಯ್ಯ ಓದು ನಿಲ್ಲಿಸಿ ನನ್ನ ಮುಖ ನೋಡಿದರು. ಕೆಂಚಮ್ಮ, "ಓದಿ ಸಾಮಿ, ಗದ್ದ ಮುಟ್ಟಿ ನೋಡಾಕ್ ವೋಗವ್ರೆ, ಬತ್ತಾರೆ" ಎಂದಳು. ಬಂದರು. ಒಬ್ಬನ ಹಿಂಡಿನಲ್ಲಿ ಒಂಬತ್ತು, ಇನ್ನೊಬ್ಬನದರಲ್ಲಿ ನಾಲ್ಕು. ಆಮೇಲೆ ಎಂಟೂ ಪುಟ ಕೂತು ಕೇಳಿದರು. ಔಷಧಕ್ಕೆ ಹೆಸರು ಬರೆದುಕೊಂಡೆ.

ಹೊರಡುವಾಗ ಕೆಂಚಮ್ಮನಿಗೆ ರಟ್ಟಿನ ನಮೂನೆ ತೋರಿಸಿದೆ. ಹಿಂಬದಿಯಲ್ಲಿ ಅಪ್ಪನ ಪದ್ಯ. ಅವಳು ಅಕ್ಷರಗಳ ಮೇಲೆ ಬೆರಳು ಆಡಿಸಿ ಇದೇನು ಎಂದಳು. ದೇವರ ಸ್ತುತಿ ಎಂದೆ. ಕೈ ಮುಗಿದಳು. ಆಮೇಲೆ ಅಂದಳು: "ಒಳ್ಳೇದೇ ಕಣಪ್ಪ. ಆದ್ರೆ ಇಲ್ಲಿ ಜಾಗ ಬುಡಿ. ಗೆರೆ ಎಲ್ಲಿ ಎಳೀಲಿ ನಾನು?"

೨೧ ಜನವರಿ, ಮಂಗಳವಾರ

ಅಪ್ಪನ ಪದ್ಯ ತೆಗೆಸಿದೆ. ಹಿಂದಿನ ರಟ್ಟು ಖಾಲಿ. ನಿಯಾಜ್ ಎರಡು ಸಲ ಕೇಳಿದ, ಪಕ್ಕಾನಾ ಎಂದು. ಪಕ್ಕಾ ಎಂದೆ.

ಸಂಕಟವಾಯಿತು. ಮನೆಗೆ ಬಂದು ಹೇಳಿದರೆ ಕರಿಬಸಮ್ಮ ಒಳಗಿಂದ ನನ್ನ ಹಳೆಯ ನೋಟು ಬುಕ್ಕೊಂದನ್ನು ತಂದು, "ಇದರಲ್ಲಿ ನಿಮ್ಮ ಕೈಯಾರೆ ಬರೆದಿಡಿ. ಮಾವನವರ ಪದ್ಯ ಓದೋರು ನಾವು, ಕುರಿಯೋರಲ್ಲ" ಎಂದಳು. ಹನ್ನೆರಡೂ ಬರೆದೆ. ಏಳನೆಯದು ಬಾಯಿಪಾಠ ಇರಲಿಲ್ಲ ನನಗೆ; ಅವಳಿಗೆ ಇತ್ತು.

೨೧ ಫೆಬ್ರವರಿ, ಶುಕ್ರವಾರ

ಪುಸ್ತಕ ಬಂತು. ಐನೂರು ಪ್ರತಿ. ಇವತ್ತು ಶಿವರಾತ್ರಿ, ಉಪವಾಸ. ಹೆಸರು 'ಕುರಿ ನೋಡುವ ನಾಲ್ಕು ಹೊತ್ತು'. ನನ್ನ ಹೆಸರು ಮೂವತ್ತೆರಡನೆಯ ಪುಟದ ಅಡಿಯಲ್ಲಿ ಇದೆ. ತಪ್ಪಿಲ್ಲದೆ ಅಚ್ಚಾಗಿದೆ.

೧೫ ಮಾರ್ಚ್, ಭಾನುವಾರ

ನಾಲ್ಕೇ. ಈ ವರ್ಷ ಕೆಂಚಮ್ಮನ ಹಿಂಡಿನಲ್ಲಿ ಸತ್ತದ್ದು ನಾಲ್ಕು; ಡಿಸೆಂಬರಿನ ಮೇಲೆ ಒಂದೂ ಇಲ್ಲ. ಹದಿಮೂರು ಮರಿ ಹುಟ್ಟಿವೆ.

ಹುಲಿಕುಂಟೆಗೆ ಹೋಗಿದ್ದೆ. ಸಂಜೆ ಕಟ್ಟೆಯ ಹತ್ತಿರ ವೈ. ಎನ್. ಹೊಸಕೋಟೆ ಕಡೆಯ ಕುರಿಯವನೊಬ್ಬ ರೇಣುಕಯ್ಯನವರನ್ನು ಕೇಳುತ್ತಿದ್ದ, ತೆಲುಗು ಬೆರೆತ ಕನ್ನಡದಲ್ಲಿ: "ಕೆಂಚಮ್ಮನ ಪುಸ್ತಕಂ ಒಂದು ಕೊಡಿಸಂಡಿ ಅಯ್ಯಾ, ಮಾ ಊರಾಗೆ ಓದಿಸ್ತೀನಿ." ನಾನು ಪಕ್ಕದಲ್ಲೇ ನಿಂತಿದ್ದೆ. ಚೀಲದಿಂದ ಎರಡು ಪ್ರತಿ ತೆಗೆದು ಕೊಟ್ಟೆ. ನೀವು ಯಾರೆಂದು ಕೇಳಿದ. ದನದ ಆಸ್ಪತ್ರೆಯ ಕಾಂಪೌಂಡರ್ ಎಂದೆ.

ಕೆಂಚಮ್ಮ ತನ್ನ ಪ್ರತಿಯನ್ನು ತಂದು ಹಿಂಬದಿ ತೋರಿಸಿದಳು. ಬಿಳಿಯ ರಟ್ಟಿನ ಮೇಲ್ಗಡೆ ಮೂಲೆಯಲ್ಲಿ ನಾಲ್ಕು ಇದ್ದಿಲ ಗೆರೆ, ಕೆಳಗೆಲ್ಲ ಖಾಲಿ. "ಇಷ್ಟ್ ಜಾಗ ಉಳೀತು ನೋಡ್ರಪ್ಪ" ಎಂದಳು. ಹಳೆಯ ಪುಸ್ತಕವನ್ನೂ ಗೂಟದಿಂದ ಬಿಚ್ಚಿ ನನ್ನ ಕೈಗಿಟ್ಟಳು. "ಇದ ನೀವೇ ಮಡೀಕಳಿ. ಮನೇಲಿ ಎರಡೆರಡು ಯಾಕೆ?"

ತಂದಿದ್ದೇನೆ. ಮೇಜಿನ ಮೇಲೆ, ದಿನಚರಿಯ ಪಕ್ಕದಲ್ಲಿದೆ. ನನ್ನ ಹೆಸರು ಇರುವ ಕಡೆಯನ್ನು ಕೆಳಗೆ ಮಾಡಿ ಹನ್ನೊಂದು ಗೆರೆಯನ್ನು ಮೇಲೆ ಮಾಡಿ ಇಟ್ಟಿದ್ದೇನೆ.